ಪೆನ್ಸಿಲಿನಲ್ಲಿ ಬರೆದ ಮಿಜಾಜು

ಸ್ಟಾಫ್ ರೂಮಿನ ಮೇಜಿನ ಮೇಲೆ ಪೆನ್ಸಿಲ್ ಹೆರೆದ ಸಿಪ್ಪೆಗಳ ರಾಶಿ ಬಿದ್ದಿತ್ತು. ಜೂನ್ ತಿಂಗಳು, ಮೂಡುಬಿದಿರೆಯ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಅಂದು ವ್ಯಕ್ತಿತ್ವ ಪರೀಕ್ಷೆ. ಪ್ರಶ್ನೆ ಬೇರೆಯವರದ್ದು, ಉತ್ತರ ಮಕ್ಕಳದ್ದು, ಪೆನ್ಸಿಲ್ ಚೂಪು ಮಾಡುವ ಕೆಲಸ ಮಾತ್ರ ಟೀಚರದ್ದು. ಸಿಪ್ಪೆ ಬಾಚಿ ಬುಟ್ಟಿಗೆ ಹಾಕುವಾಗ ಆ ವಾಸನೆ ಬೆರಳಿಗೆ ಅಂಟಿತು. ಇದರ ಜೊತೆಗೆ ಗುಲಾಬಿ ನೀರು, ಸೋಂಪಿನ ಪರಿಮಳವೂ ಇರಬೇಕಿತ್ತಲ್ಲ ಎನ್ನಿಸಿದ್ದೇ ತಡ, ಬಂಟ್ವಾಳ ಪೇಟೆಯ ಹಕೀಮರು ನೆನಪಾದರು...

ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು ಅವರ ಯುನಾನಿ ದವಾಖಾನೆ. ಒಂದು ಬೆಂಚು, ಗಾಜಿನ ಭರಣಿಗಳು, ಬಿಳಿ ಟೊಪ್ಪಿಯ ಹಕೀಮರು. ಕಣ್ಣು ಮುಚ್ಚಿ, ಮೂರು ಬೆರಳಿಟ್ಟು ನಾಡಿ ಹಿಡಿದರೆ ಹೊರಗಿನ ಬಸ್ಸಿನ ಹಾರನ್ ಕೂಡ ಅವರಿಗೆ ಕೇಳಿಸುತ್ತಿರಲಿಲ್ಲ. ಆಮೇಲೆ ಅಂಗೈಯಗಲದ ಒಂದು ಚೀಟಿಯಲ್ಲಿ ರೋಗಿಯ ಮಿಜಾಜು, ಅಂದರೆ ಸ್ವಭಾವ ಯಾವುದೆಂದು ಒಂದೇ ಪದದಲ್ಲಿ ಬರೆಯುತ್ತಿದ್ದರು. ಕೆಳಗೆ ಮದ್ದು. ಮದ್ದನ್ನು ಪೆನ್ನಿನಲ್ಲಿ, ಮಿಜಾಜನ್ನು ಪೆನ್ಸಿಲಿನಲ್ಲಿ. ಮುಂದಿನ ಸಲ ಅದೇ ಚೀಟಿ ಹಿಡಿದು ಹೋದಾಗ ಮೊದಲು ಆ ಪದವನ್ನು ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಮತ್ತೆ ನಾಡಿ ಹಿಡಿಯುವುದು ಅವರ ಕ್ರಮ. ಅದೇಕೆ ಹಾಗೆ ಎಂದು ನಾವು ಯಾರೂ ಕೇಳಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ನನಗೆ ಹದಿನೆಂಟು. ಮಾತು ಬಿಟ್ಟಿದ್ದೆ, ಊಟವೂ ಹೆಚ್ಚುಕಡಿಮೆ ಬಿಟ್ಟಹಾಗೆಯೇ. ಅಮ್ಮ ಕೈ ಹಿಡಿದು ಹಕೀಮರ ಬೆಂಚಿನ ಮೇಲೆ ತಂದು ಕೂರಿಸಿದಳು. ಅವರು ತುಂಬ ಹೊತ್ತು ನಾಡಿ ಹಿಡಿದು 'ಸೌದಾವಿ' ಎಂದು ಬರೆದರು.

"ಹಾಗಂದ್ರೆ ಎಂತ ಹಕೀಮರೇ?" ಅಮ್ಮ ಕೇಳಿದಳು.

ಮೈಯಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂದು ನಾಲ್ಕು ರಸ ಉಂಟು, ಯಾವುದು ಏರುತ್ತದೋ ಮನುಷ್ಯ ಹಾಗಿರುತ್ತಾನೆ ಎಂದು ವಿವರಿಸಿದರು. ರಕ್ತ ಏರಿದವ ನಗುತ್ತಾ ಇರುತ್ತಾನೆ, ಕಫದವ ನಿಧಾನ, ಹಳದಿ ಪಿತ್ತದವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಪ್ಪು ಪಿತ್ತ ಏರಿದರೆ ಒಳಗೊಳಗೇ ಕೊರಗು, ಅದೇ ಸೌದಾವಿ. "ಇದು ಗ್ರೀಸ್ ದೇಶದಿಂದ ಬಂದದ್ದು ಅಕ್ಕ, ಯುನಾನಿ ಅಂದ್ರೆ ಅದೇ," ಎಂದು ನಕ್ಕು ಗುಲ್ಕಂದಿನ ಡಬ್ಬಿ ಕೊಟ್ಟರು. ತಿಂಗಳು ಬಿಟ್ಟು ಬರಲು ಹೇಳಿದರು.

ನಾವು ಹೋಗಲಿಲ್ಲ. ಆ ಮಳೆಗಾಲ ನೇತ್ರಾವತಿಯ ನೀರು ಪೇಟೆಯೊಳಗೆ ಬಂತು, ಮನೆಯ ಕಾಗದಪತ್ರವೆಲ್ಲ ತೇವ ಹಿಡಿಯಿತು. ಚೀಟಿಯ ಅಕ್ಷರ ಮಾಸುತ್ತಿದೆ ಎಂದು ಹೆದರಿ ಅಮ್ಮ ಆ ಪೆನ್ಸಿಲ್ ಪದದ ಮೇಲೆಯೇ ನೀಲಿ ಪೆನ್ನಿನಿಂದ ಒತ್ತಿ ತಿದ್ದಿದಳು. ಅಲ್ಲಿಂದ ನಾನು ಮನೆಗೂ ನೆಂಟರಿಗೂ ಸೌದಾವಿಯಾದೆ. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕುತ್ತೇನೆ ಎಂದಾಗ ಅಮ್ಮ, "ನಿನ್ನಿಂದ ಮಕ್ಕಳ ಎದುರು ನಿಲ್ಲಲಿಕ್ಕೆ ಆಗ್ತದಾ? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ," ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಅದೇ ನಿಜವೆನ್ನಿಸಿತ್ತು. ಸ್ವಲ್ಪ ಹಾಯೆನ್ನಿಸಿತ್ತು ಕೂಡ... ಏನನ್ನೂ ಪ್ರಯತ್ನಿಸಬೇಕಾಗಿಲ್ಲವಲ್ಲ. ಅರ್ಜಿ ಟ್ರಂಕಿನಲ್ಲೇ ಉಳಿಯಿತು.

ವರ್ಷದ ಮೇಲೆ ಅಮ್ಮನ ಕೆಮ್ಮಿಗೆಂದು ಹೋದಾಗ ಹಕೀಮರು ನನ್ನ ಚೀಟಿಯನ್ನೂ ಕೇಳಿದರು. ಅಭ್ಯಾಸದಂತೆ ರಬ್ಬರು ಉಜ್ಜಿದರು. ಪದ ಹೋಗಲಿಲ್ಲ. ಇನ್ನೂ ಉಜ್ಜಿದರು, ಕಾಗದ ತೂತಾಯಿತು.

"ಇದನ್ನು ಪೆನ್ನಲ್ಲಿ ಬರೆದದ್ದು ಯಾರು?"

"ನಾನೇ ಹಕೀಮರೇ. ಮಳೆಗೆ ಅಳಿಸಿ ಹೋಗ್ತದೆ ಅಂತ..."

"ಅಳಿಸಿ ಹೋಗ್ಲಿಕ್ಕೇ ಅಕ್ಕ ನಾನು ಪೆನ್ಸಿಲಲ್ಲಿ ಬರೆಯುವುದು!"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಿಜಾಜು ಸೆಕೆಗೊಂದು, ಮಳೆಗೊಂದು, ಅಪ್ಪ ಸತ್ತ ವರ್ಷಕ್ಕೆ ಮತ್ತೊಂದು. ಅದನ್ನು ಹುಡುಗಿಯ ಹಣೆಗೆ ಬರೆದುಬಿಟ್ಟಿರಲ್ಲ ಎಂದು ಬೈದರು. ಚೀಟಿ ಹರಿದು ಹಾಕಿ, ಹೊಸದು ತೆಗೆದು, ನನ್ನ ನಾಡಿ ಹಿಡಿದು ಕೂತರು. "ಕಪ್ಪು ಇಳಿದುಂಟು ಮಗಳೇ. ಇನ್ನು ಎಂತ ಮಾಡ್ಬೇಕು ಅಂತ ಉಂಟು ನಿನಗೆ?" ಟೀಚರ್ ಆಗಬೇಕು ಎಂದೆ. ಅಷ್ಟು ಜೋರಾಗಿ ನಾನು ಹೇಗೆ ಹೇಳಿದೆನೋ ಈಗಲೂ ತಿಳಿಯದು. ಅಮ್ಮ ತಲೆ ತಗ್ಗಿಸಿ ಕುಳಿತಿದ್ದಳು. ಮರುದಿನ ಅರ್ಜಿಯನ್ನು ಟ್ರಂಕಿನಿಂದ ತೆಗೆದುಕೊಟ್ಟವಳೂ ಅವಳೇ.

ಹಕೀಮರು ಹೋಗಿ ಎಷ್ಟೋ ವರ್ಷವಾಯಿತು. ಆಗ ನಾನು ಬೆಳ್ತಂಗಡಿಯ ಕಡೆ ಕೆಲಸದಲ್ಲಿದ್ದೆ, ಸುದ್ದಿ ತಿಳಿದದ್ದೇ ತಡವಾಗಿ. ದವಾಖಾನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಪರೀಕ್ಷೆಯ ದಿನ ಅವರ ನೆನಪಾದ ಮೇಲಾದರೂ ನಾನು ಏನಾದರೂ ಮಾಡಬೇಕಿತ್ತು. ಮಾಡಲಿಲ್ಲ. ಫಲಿತಾಂಶ ಓದುವುದು ಹೇಗೆಂದು ನಮಗೆ ತರಬೇತಿ ಕೊಡಲು ಬಂದ ಚುರುಕು ಹುಡುಗ ಪರದೆಯ ಮೇಲೆ ಅದೇ ಗ್ರೀಕರ ನಾಲ್ಕು ರಸಗಳನ್ನು ತೋರಿಸಿ, "ಇದು ಹಳೇ ಕಾಲದ್ದು, ನಮ್ಮದು ವೈಜ್ಞಾನಿಕ," ಎಂದಾಗ ಸುಮ್ಮನೆ ಕೂತಿದ್ದೆ. ಒಂದೊಂದು ಮಗುವಿಗೂ ಅದರ ಸ್ವಭಾವ ಹೇಳುವ ನಾಲ್ಕು ಇಂಗ್ಲಿಷ್ ಅಕ್ಷರದ ಹಾಳೆ ಬಂತು, ಅಡಿಯಲ್ಲಿ ಕ್ಲಾಸ್ ಟೀಚರಾದ ನನ್ನ ಸಹಿ ಬೇಕು. ಒಂದೇ ಮಧ್ಯಾಹ್ನ ಇಡೀ ತರಗತಿಯ ಹಾಳೆಗಳಿಗೆ ಸಹಿ ಹಾಕಿ ಮುಗಿಸಿದೆ, ನೀಲಿ ಪೆನ್ನಿನಿಂದ. ಓದಿ ನೋಡುವಷ್ಟು ತ್ರಾಣ ಇರಲಿಲ್ಲ.

ಮೊನ್ನೆ, ಮುಂಡಾಜೆಯಿಂದ ಬಂದು ಹಾಸ್ಟೆಲಿನಲ್ಲಿರುವ ನನ್ನ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಸ್ವಾತಂತ್ರ್ಯ ದಿನದ ಭಾಷಣಕ್ಕೆ ತಾನಾಗಿ ಹೆಸರು ಕೊಟ್ಟಿದ್ದ ಹುಡುಗಿ. ತನ್ನ ಹೆಸರು ತೆಗೆಯಬೇಕಂತೆ.

"ಯಾಕೆ?"

"ಜನರ ಎದುರು ಮಾತಾಡುವ ಸ್ವಭಾವ ನನ್ನದಲ್ಲ ಅಂತ ಆ ಪರೀಕ್ಷೆಯ ಹಾಳೆಯಲ್ಲಿ ಉಂಟು ಮೇಡಂ."

ಹಾಳೆ ತಾ ಎಂದೆ. ಮನಸ್ಸಿನಲ್ಲಿ ಏನಿತ್ತೋ, ಡ್ರಾಯರಿನಿಂದ ರಬ್ಬರನ್ನೂ ತೆಗೆದಿದ್ದೆ. ಅವಳು ಚೀಲದಿಂದ ಜೋಪಾನವಾಗಿ ತೆಗೆದುಕೊಟ್ಟಳು. ಮೇಲೆ ಕೆಳಗೆ ಗಟ್ಟಿ ಪ್ಲಾಸ್ಟಿಕ್, ಒಳಗೆ ನನ್ನ ಸಹಿ.

"ಅಪ್ಪ ಬೆಳ್ತಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ರು ಮೇಡಂ. ಮಳೆಗೆ ಹಾಳಾಗ್ತದಲ್ಲ."

ಇದನ್ನೆಲ್ಲ ನಂಬಬೇಡ, ನೀನು ಮಾತಾಡು ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳು ನನ್ನನ್ನೇ ಸಮಾಧಾನ ಮಾಡುವವಳಂತೆ, "ಪರ್ವಾಗಿಲ್ಲ ಮೇಡಂ, ನನಗೂ ಅದು ಹೌದು ಅಂತ ಅನ್ನಿಸ್ತದೆ," ಎಂದು ಹಾಳೆ ತೆಗೆದುಕೊಂಡು ಹೋದಳು.

ನನಗೂ ಹದಿನೆಂಟರಲ್ಲಿ ಹಾಗೆಯೇ ಅನ್ನಿಸಿತ್ತು. ಆದರೆ ಆಗ ನನ್ನ ಪರವಾಗಿ ಸಿಟ್ಟು ಮಾಡಲು ಹಕೀಮರಿದ್ದರು... ಇವಳಿಗೆ ಇದ್ದದ್ದು ನಾನೊಬ್ಬಳೇ.