ನಿಮ್ಮ ಮಗಳಾಗಿದ್ರೆ ಕೊಡ್ತಿದ್ರಾ

ಮುನಿರಾಜಪ್ಪನವರೇ, ನಾನು ನಿಮಗೆ ಸುಳ್ಳು ಹೇಳಿದೆ. ಗೊತ್ತಿದ್ದೂ ಹೇಳಿದೆ, ನಿಮ್ಮ ಮುಖ ನೋಡಿಕೊಂಡೇ ಹೇಳಿದೆ. ನಿಮ್ಮ ಮಗಳು ಗಾಯತ್ರಿ ಆ ಮನೆಗೆ ಸೊಸೆಯಾಗಿ ಹೋದದ್ದು ನನ್ನ ಒಂದು ಮಾತಿನಿಂದ. ಇದನ್ನು ಮೊದಲೇ ಹೇಳಿಬಿಡಬೇಕು — ಆಮೇಲೆ ಹೇಳುತ್ತೇನೆ ಎಂದು ಇಟ್ಟುಕೊಂಡರೆ ನಾನು ಹೇಳುವವಳಲ್ಲ ಎಂಬುದು ನನಗೇ ಗೊತ್ತು.

ನನ್ನ ಆಫೀಸು ನಿಮಗೆ ನೆನಪಿರಬಹುದು. ಚಾಮರಾಜಪೇಟೆಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿ. ನೀವು ಒಂದು ಬೆಳಿಗ್ಗೆ ಹುಡುಕಿಕೊಂಡು ಬಂದಿರಿ. ಚಪ್ಪಲಿ ಹೊರಗೆ ಬಿಡುವುದು ಬೇಡ ಎಂದರೂ ಬಿಟ್ಟಿರಿ. ಕೂತ ಮೇಲೂ ಕುರ್ಚಿಯ ತುದಿಯಲ್ಲೇ ಇದ್ದಿರಿ. ರೈಲ್ವೆಯಿಂದ ರಿಟೈರ್ ಆದದ್ದು, ಓಕಳಿಪುರದ ಮನೆ, ಮಗಳು ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿರುವುದು — ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ ಹರೀಶನ ಹೆಸರು ತೆಗೆದಿರಿ.

"ಹುಡುಗನಿಗೆ ಇದು ಎರಡ್ನೇ ಮದ್ವೆ, ಅದು ನಮ್ಗೆ ಗೊತ್ತು ಮೇಡಂ. ಅವರ ಡೈವೋರ್ಸ್ ಕೇಸು ನಡೆಸಿದ್ದು ನೀವೇ ಅಂದ್ರು. ಅದಕ್ಕೇ ಬಂದೆ."

ಹೌದು, ಹರೀಶ ನನ್ನ ಕಕ್ಷಿದಾರ. ಬಿನ್ನಿಪೇಟೆಯಲ್ಲಿ ಅವರದು ಟೈಲ್ಸ್ ಅಂಗಡಿ, ನಾಲ್ಕು ಜನ ಮರ್ಯಾದೆ ಕೊಡುವ ಕುಟುಂಬ. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾದ ಕೇಸು ಅದು. ಅಂಥ ಅರ್ಜಿಯಲ್ಲಿ ಕಾರಣ ಬಿಡಿಸಿ ಬರೆಯುವ ಅಗತ್ಯವಿಲ್ಲ. ಹೊಂದಾಣಿಕೆಯಾಗಲಿಲ್ಲ, ಇನ್ನು ಒಟ್ಟಿಗೆ ಬಾಳಲಾಗದು ಎಂದರೆ ಸಾಕು. ಅದರ ಹಿಂದೆ ಏನಿತ್ತು ಎಂಬುದು ನನಗೆ ಗೊತ್ತಿತ್ತು. ಅವನೇ ನನ್ನೆದುರು ಕೂತು ಹೇಳಿದ್ದ. ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ — ಈಗಲೂ ಆ ಹಕ್ಕು ನನಗಿಲ್ಲ. ಅವನ ಮೊದಲ ಹೆಂಡತಿ ಗಂಡನ ಮನೆ ಬಿಟ್ಟದ್ದು ಜೀವಭಯದಿಂದ, ಇಷ್ಟು ಮಾತ್ರ ಹೇಳುತ್ತೇನೆ. ಇಷ್ಟು ಹೇಳುವುದೂ ತಪ್ಪೇ ಇರಬಹುದು. ಇರಲಿ.

ನೀವು ಬರುವ ಹಿಂದಿನ ವಾರ ಹರೀಶನ ತಾಯಿ ಫೋನ್ ಮಾಡಿದ್ದರು. "ಒಂದು ಒಳ್ಳೇ ಸಂಬಂಧ ಕೂಡಿ ಬರ್ತಾ ಇದೆ ಮೇಡಂ. ಹುಡುಗಿ ಕಡೆಯವ್ರು ವಿಚಾರಿಸ್ಕೊಂಡು ಬರ್ತಾರೆ. ನಿಮ್ಮ ಬಾಯಿಂದ ಒಂದು ಒಳ್ಳೇ ಮಾತು ಬಂದ್ರೆ ಸಾಕು." ನಾನು ನಕ್ಕು, "ಆಯ್ತು ಬಿಡಿ" ಎಂದಿದ್ದೆ. ಆ ಮನೆಯವರು ಕೇಸು ಮುಗಿದ ಮೇಲೂ ಹಬ್ಬಕ್ಕೆ ನೆನಪಿಟ್ಟು ಕರೆಯುತ್ತಿದ್ದರು, ತಮ್ಮ ನೆಂಟರ ಕೇಸುಗಳನ್ನೂ ನನ್ನ ಹತ್ತಿರವೇ ಕಳಿಸುತ್ತಿದ್ದರು. ಆ ಫೋನು ಇಟ್ಟ ಮೇಲೆ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಎಷ್ಟೋ ಸಲ ಹಿಂತಿರುಗಿ ನೋಡಿದ್ದೇನೆ — ಒಂದಿಷ್ಟು ಅಳುಕು, ಒಂದಿಷ್ಟು ಕಸಿವಿಸಿ, ಏನಾದರೂ ಇತ್ತೇ ಎಂದು. ಇರಲಿಲ್ಲ.

ನೀವು ಕೇಳಿದಿರಿ, ಹುಡುಗ ಹೇಗೆ ಎಂದು.

"ಕೇಸಲ್ಲಿ ಅಂಥದ್ದೇನಿಲ್ಲ. ಇಬ್ಬರಿಗೂ ಹೊಂದ್ಲಿಲ್ಲ, ಅಷ್ಟೇ" ಎಂದೆ.

ನೀವು ತಲೆಯಾಡಿಸಿದಿರಿ. ಆದರೆ ಏಳಲಿಲ್ಲ. ಮತ್ತೆ ಕೇಳಿದಿರಿ — "ನಿಮ್ಗೆ ಮಗಳಿದಾಳಾ ಮೇಡಂ?"

"ಇದಾಳೆ. ಕಾಲೇಜಿಗೆ ಹೋಗ್ತಾಳೆ."

"ತಪ್ಪು ತಿಳ್ಕೋಬೇಡಿ. ನಿಮ್ಮ ಮಗಳಾಗಿದ್ರೆ ಕೊಡ್ತಿದ್ರಾ?"

ಒಂದು ಕ್ಷಣ ಮಗಳ ಮುಖ ಕಣ್ಣ ಮುಂದೆ ಬಂತು. ಬರಲಿಲ್ಲ ಎಂದರೆ ಅದೂ ಸುಳ್ಳು. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಒದ್ದೆ ಕೂದಲನ್ನು ಹಾಗೇ ಬಿಟ್ಟುಕೊಂಡು ಹೋದದ್ದಕ್ಕೆ ನಾನು ಬೈದಿದ್ದೆ — ಆ ಮುಖ. ಅದನ್ನು ನೋಡಿಯೂ ನಿಮಗೆ ಹೇಳಿದೆ, "ಧಾರಾಳವಾಗಿ ಕೊಡ್ತಿದ್ದೆ."

ನಿಮ್ಮ ಮೈ ಸಡಿಲವಾದದ್ದು ನನಗೆ ಕಾಣಿಸಿತು. ಆಗ ಮೊದಲ ಬಾರಿಗೆ ಕುರ್ಚಿಗೆ ಒರಗಿ ಕೂತಿರಿ.

ವಕೀಲರಿಗೆ ಒಂದು ನಿಯಮವಿದೆ. ಕಕ್ಷಿದಾರ ನಂಬಿ ಹೇಳಿದ್ದನ್ನು ಹೊರಗೆ ಆಡಕೂಡದು — ಕೇಸು ಮುಗಿದು ವರ್ಷಗಳಾದರೂ ಆಡಕೂಡದು. ಒಳ್ಳೆಯ ನಿಯಮ. ಅದಿಲ್ಲದಿದ್ದರೆ ಯಾರೂ ವಕೀಲರ ಮುಂದೆ ನಿಜ ಹೇಳುವುದಿಲ್ಲ. ಇಷ್ಟು ವರ್ಷ ನಾನು ಅದರ ಹಿಂದೆಯೇ ಅಡಗಿ ಕೂತೆ. ನನ್ನ ಕೈ ಕಟ್ಟಿತ್ತು, ಏನು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮುನಿರಾಜಪ್ಪನವರೇ, ಆ ನಿಯಮ ನನಗೆ ಬಾಯಿ ಮುಚ್ಚಿಕೊಂಡಿರು ಎಂದಿತ್ತು. ನಾನು ಮುಚ್ಚಿಕೊಳ್ಳಲಿಲ್ಲ. "ನನ್ನ ಕಕ್ಷಿದಾರರ ಬಗ್ಗೆ ನಾನು ಮಾತಾಡೋ ಹಾಗಿಲ್ಲ, ನೀವು ಮೊದಲ ಹೆಂಡತಿಯ ಕಡೆಯವರನ್ನ ಒಂದ್ಸಲ ಕೇಳಿ" — ಇಷ್ಟು ಹೇಳಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಆ ಹುಡುಗಿಯ ತಂದೆಯ ಮನೆ ಹನುಮಂತನಗರದಲ್ಲಿತ್ತು. ಚಾಮರಾಜಪೇಟೆಯಿಂದ ನೀವು ನಡೆದೇ ಹೋಗಿರುತ್ತಿದ್ದಿರಿ. ಬಾಗಿಲು ತಟ್ಟಿರುತ್ತಿದ್ದಿರಿ. ಮಗಳನ್ನು ಹೆತ್ತ ಇಬ್ಬರು ಅಪ್ಪಂದಿರು ಎದುರೆದುರು ಕೂತಿದ್ದರೆ ಸಾಕಾಗಿತ್ತು —

ಆ ಒಂದು ವಾಕ್ಯ ನನಗೆ ಗೊತ್ತಿತ್ತು. ಇಂಥ ಸಂದರ್ಭದಲ್ಲಿ ಹೀಗೆ ಹೇಳಬೇಕೆಂದು ಜೂನಿಯರ್‌ಗಳಿಗೆ ನಾನೇ ಕಲಿಸುತ್ತಿದ್ದೆ.

ಮದುವೆಗೆ ಬಂದೆ. ಊಟ ಮಾಡಿದೆ. ಛತ್ರದ ಬಾಗಿಲಲ್ಲಿ ನೀವು ನಿಮ್ಮ ಷಡ್ಡಕರಿಗೆ ನನ್ನನ್ನು ತೋರಿಸಿ, "ನಮ್ಗೆ ಧೈರ್ಯ ಕೊಟ್ಟಿದ್ದು ಇವ್ರೇ" ಎಂದಿರಿ. ಅವರು ಕೈಮುಗಿದರು. ನಾನೂ ಮುಗಿದೆ. ಗಾಯತ್ರಿಯನ್ನು ಅವತ್ತೇ ನಾನು ಮೊದಲು ನೋಡಿದ್ದು. ಗೆಳತಿಯರ ಜೊತೆ ಗಟ್ಟಿಯಾಗಿ ಮಾತಾಡುತ್ತ, ಅಲ್ಲಿಂದಲೇ ಯಾರನ್ನೋ ಕೂಗಿ ಕರೆಯುತ್ತಿದ್ದರು. ದೊಡ್ಡ ಗಂಟಲು. ತರಗತಿಯ ತುಂಬ ಪುಟ್ಟ ಮಕ್ಕಳನ್ನು ಸುಮ್ಮನಾಗಿಸುವವರ ಗಂಟಲು.

ಇಲ್ಲಿಗೆ ಮುಗಿದಿದ್ದರೆ ಅದು ಒಂದು ಸುಳ್ಳು. ಎರಡನೆಯದು ನಿಮಗೆ ಗೊತ್ತಿರಲಾರದು.

ಮದುವೆಯಾಗಿ ಎರಡನೇ ಯುಗಾದಿ ಕಳೆದ ಮೇಲೆ ಗಾಯತ್ರಿ ನನ್ನ ಆಫೀಸಿಗೆ ಬಂದರು. ಒಬ್ಬರೇ. ಸೆಖೆಯಿದ್ದರೂ ದುಪಟ್ಟಾವನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರು. ಅದನ್ನು ಅವರು ತೆಗೆಯಲಿಲ್ಲ, ತೆಗೆಯಿರಿ ಎಂದು ನಾನೂ ಹೇಳಲಿಲ್ಲ. ಕೆಳಗೆ ಏನಿರಬಹುದೆಂದು ಕೇಳುವ ಅಗತ್ಯ ನನಗಿರಲಿಲ್ಲ.

"ಅಪ್ಪ ಕಳಿಸಿದ್ರು ಮೇಡಂ. ಅವ್ರಿಗೆ ನಾನು ಪೂರ್ತಿ ಹೇಳಿಲ್ಲ. ಮನೇಲಿ ಸ್ವಲ್ಪ ಕಷ್ಟ ಅಂದಿದ್ದಕ್ಕೆ, ಆ ಮೇಡಂ ಹತ್ರ ಹೋಗಿ ಮಾತಾಡು, ಅವ್ರು ಇದ್ದಿದ್ದನ್ನ ಇದ್ದ ಹಾಗೆ ಹೇಳ್ತಾರೆ ಅಂದ್ರು."

ಹರೀಶ ನನ್ನ ಹಳೆಯ ಕಕ್ಷಿದಾರ, ಅವನ ವಿರುದ್ಧ ನಾನು ನಿಲ್ಲುವ ಹಾಗಿಲ್ಲ, ಬೇರೆ ವಕೀಲರ ಹೆಸರು ಕೊಡುತ್ತೇನೆ ಎಂದೆ. ಇಷ್ಟು ಸರಿಯಾಗಿಯೇ ಇತ್ತು. ಇಷ್ಟಕ್ಕೇ ನಿಲ್ಲಿಸಬಹುದಿತ್ತು.

"ಕೇಸು ಹಾಕಕ್ಕೆ ಬಂದಿಲ್ಲ ಮೇಡಂ, ಒಂದೇ ಒಂದು ಕೇಳ್ಬೇಕಿತ್ತು" ಎಂದರು. "ಅತ್ತೆ ದಿನಾ ಹೇಳ್ತಾರೆ, ನನ್ನ ಮಗ ಹಿಂಗಿರ್ಲಿಲ್ಲ, ನೀನು ಬಂದ್ಮೇಲೆ ಹಿಂಗಾಗಿದಾನೆ ಅಂತ. ಅವ್ರೂ ಅದನ್ನೇ ಅಂತಾರೆ, ನೀನೇ ಕೈ ಎತ್ತೋ ಹಾಗೆ ಮಾಡ್ತೀಯ ಅಂತ. ನಂಗೂ ಈಗ ಹೌದೇನೋ ಅನ್ಸಕ್ಕೆ ಶುರುವಾಗಿದೆ. ಮೊದಲ್ನೇ ಹೆಂಡ್ತಿಗೂ ಅವ್ರು ಹೀಗೆ ಮಾಡ್ತಿದ್ರಾ? ಹೂಂ ಅಥ್ವಾ ಇಲ್ಲ, ಅಷ್ಟು ಹೇಳಿ ಸಾಕು."

ಹೇಳೋಕಾಗಲ್ಲಮ್ಮ ಎನ್ನಬಹುದಿತ್ತು. ಆ ಮಾತಿನಲ್ಲೇ ಅವರಿಗೆ ಉತ್ತರ ಸಿಕ್ಕಿಬಿಡುತ್ತಿತ್ತು — ಅದಕ್ಕೇ ನಾನು ಅದನ್ನು ಆಡಲಿಲ್ಲ. ಆಡಿದ್ದರೆ, ನಿಮಗೆ ಗೊತ್ತಿದ್ದೂ ಅಪ್ಪನಿಗೆ ಹಾಗೆ ಯಾಕೆ ಹೇಳಿದಿರಿ ಎಂಬುದೇ ಮುಂದಿನ ಪ್ರಶ್ನೆಯಾಗುತ್ತಿತ್ತು. ಕಕ್ಷಿದಾರನನ್ನು ಕಾಪಾಡುವುದು ಅವತ್ತು ನನ್ನ ತಲೆಯಲ್ಲೇ ಇರಲಿಲ್ಲ. ನನ್ನನ್ನು ನಾನು ಕಾಪಾಡಿಕೊಂಡೆ.

"ಗೊತ್ತಿಲ್ಲಮ್ಮ" ಎಂದೆ.

ಕೆಳಗೆ ಪ್ರೆಸ್ಸಿನ ಮೆಷಿನ್ನು ಓಡುತ್ತಿತ್ತು. ನನ್ನ ಮೇಜಿನ ಮೇಲೆ ಹಲಸೂರಿನ ಯಾವುದೋ ಸೈಟಿನ ವ್ಯಾಜ್ಯದ ಫೈಲು ಬಿಚ್ಚಿಟ್ಟಿತ್ತು, ಅದರ ಮೇಲೆ ನಾನು ಕಣ್ಣಾಡಿಸತೊಡಗಿದೆ. "ಥ್ಯಾಂಕ್ಸ್ ಮೇಡಂ" ಎಂದು ಎದ್ದು ಹೋದರು. ನಾನು ಬರೆದುಕೊಟ್ಟ ವಕೀಲರ ಹೆಸರನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದರು. ಮಧ್ಯಾಹ್ನ ಕೋರ್ಟಿಗೆ ಹೋದೆ. ಸಂಜೆ ಮನೆಯಲ್ಲಿ ಮಗಳಿಗೆ ಉಪ್ಪಿಟ್ಟು ಮಾಡಿಕೊಟ್ಟೆ. ಎಲ್ಲ ಎಂದಿನಂತೆಯೇ ನಡೆಯಿತು.

ಅದಾಗಿ ಬಹಳ ಕಾಲದ ಮೇಲೆ, ಈ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದೆ. ಪಕ್ಕದಲ್ಲಿ ಯಾರೋ ಸೇವಂತಿಗೆಯ ಬೆಲೆ ಕೇಳುತ್ತಿದ್ದರು. ಹೂವಿನವಳು, "ಜೋರಾಗಿ ಹೇಳಮ್ಮ, ಈ ಗಲಾಟೇಲಿ ಏನ್ ಕೇಳ್ಸತ್ತೆ" ಎಂದಳು. ಅವರು ಮತ್ತೆ ಕೇಳಿದರು. ದನಿ ಬರಲಿಲ್ಲ, ಉಸಿರು ಮಾತ್ರ ಬಂತು. ಬೆರಳಿನಿಂದ ಹೂವು ತೋರಿಸಿದರು. ಯಾರಿರಬಹುದೆಂದು ತಿರುಗಿ ನೋಡಿದೆ.

ಗಾಯತ್ರಿ ನನ್ನ ಗುರುತು ಹಿಡಿದು ನಕ್ಕರು. ನಾನು ಹತ್ತಿರ ಬಾಗಿ ಕೇಳಿಸಿಕೊಳ್ಳಬೇಕಾಯಿತು.

"ಅಪ್ಪನ ಮನೇಲೇ ಇದೀನಿ ಮೇಡಂ ಈಗ. ಗಂಟಲು ಹೋಯ್ತು. ಆಪರೇಷನ್ ಆದ್ಮೇಲೆ ಇಷ್ಟು ಬರತ್ತೆ. ಸ್ಕೂಲಲ್ಲಿ ಪಾಠ ಮಾಡಕ್ಕಾಗಲ್ಲ, ಆಫೀಸಲ್ಲಿ ಕೂರ್ಸಿದಾರೆ." ಆಮೇಲೆ, "ಅಪ್ಪಂಗೆ ಲಕ್ವ ಹೊಡೀತು, ಹಾಸಿಗೇಲಿದಾರೆ. ನಿಮ್ಮನ್ನ ಆಗಾಗ ಕೇಳ್ತಿರ್ತಾರೆ" ಎಂದರು.

ಹೇಗಾಯಿತು ಎಂದು ನಾನು ಕೇಳಲಿಲ್ಲ; ಅವತ್ತು ಕುತ್ತಿಗೆಗೆ ಸುತ್ತಿಕೊಂಡಿದ್ದ ದುಪಟ್ಟಾ ನೆನಪಿತ್ತು. ಮನೆಗೆ ಬಂದು ಹೂವನ್ನು ಫ್ರಿಜ್ಜಿನಲ್ಲಿಟ್ಟೆ. ಅಳು ಬರಬೇಕಿತ್ತು ಎನ್ನಿಸಿತು. ಬರಲಿಲ್ಲ. ಈಗಲೂ ಬಂದಿಲ್ಲ. ಕೈಗೆ ಜೋಮು ಹಿಡಿದಾಗ ಅದು ಬೇರೆ ಯಾರದೋ ಕೈ ಅನ್ನಿಸುತ್ತದಲ್ಲ, ನನಗೆ ನಾನು ಹಾಗಿದ್ದೇನೆ.

ಹೋದ ವಾರ ನಿಮ್ಮ ಮನೆಗೆ ಬಂದಿದ್ದೆ. ನೀವು ಒಳಗೆ ಮಲಗಿದ್ದಿರಿ. ಹೊರಗಿನ ಕೋಣೆಯಲ್ಲಿ ಗಾಯತ್ರಿಯವರಿಗೆ ಎಲ್ಲ ಹೇಳಿದೆ — ಮದುವೆಗೆ ಮೊದಲೇ ನನಗೆ ಗೊತ್ತಿತ್ತು, ನಿಮ್ಮಪ್ಪನಿಗೆ ಸುಳ್ಳು ಹೇಳಿದೆ, ಅವತ್ತು ನಿಮಗೂ ಸುಳ್ಳು ಹೇಳಿದೆ. ಮನೆಯ ಹಿಂದಿನ ಹಳಿಯ ಮೇಲೆ ರೈಲು ಹೋಯಿತು, ಕಿಟಕಿಯ ಗಾಜು ಸಣ್ಣಗೆ ಅದುರಿತು. ಅದು ನಿಲ್ಲುವವರೆಗೆ ಅವರು ಕಾದರು. ಇಲ್ಲದಿದ್ದರೆ ಅವರ ಮಾತು ನನಗೆ ಕೇಳಿಸುತ್ತಿರಲಿಲ್ಲ.

"ಅವತ್ತು ನೀವು ಗೊತ್ತಿಲ್ಲ ಅಂದ್ರಲ್ಲ ಮೇಡಂ. ನಾನು ಮನೆಗೆ ಹೋಗಿ ಅವ್ರ ಕಾಲು ಹಿಡ್ಕೊಂಡೆ. ತಪ್ಪು ನಂದೇ ಇರ್ಬೇಕು, ಇನ್ಮೇಲೆ ಸರಿಯಾಗಿರ್ತೀನಿ ಅಂತ."

ನಾನು ಹೇಳಿದೆ — ನನ್ನ ಮೇಲೆ ವಕೀಲರ ಪರಿಷತ್ತಿಗೆ ದೂರು ಕೊಡಿ, ನಾನು ಎದುರು ವಾದಿಸುವುದಿಲ್ಲ, ಒಪ್ಪಿಕೊಳ್ಳುತ್ತೇನೆ.

"ಅವ್ರ ಮೇಲಿನ ಕೇಸಿಗೇ ಅಲೆದು ಸಾಕಾಗಿದೆ. ನಿಮ್ಮದಕ್ಕೂ ಅಲೆಯೋ ಶಕ್ತಿ ನಂಗಿಲ್ಲ" ಎಂದರು. ಕೋಪದಿಂದ ಹೇಳಲಿಲ್ಲ. ನಿಜವಾಗಿಯೂ ದಣಿದಿದ್ದರು. ಅಷ್ಟರಲ್ಲಿ ಒಳಗಿನಿಂದ ನೀವು ಕೇಳಿದಿರಿ, "ಯಾರಮ್ಮ ಬಂದಿರೋದು?"

ಗಾಯತ್ರಿಯವರಿಗೆ ಕೂತಲ್ಲಿಂದ ಉತ್ತರ ಕೊಡಲು ಆಗುವುದಿಲ್ಲವಲ್ಲ. ಎದ್ದರು. ಎದ್ದು ನಿಂತು ನನಗೆ ಹೇಳಿದರು, "ಅಪ್ಪಂಗೆ ನಾನು ಹೇಳಲ್ಲ ಮೇಡಂ. ಆ ಮನೇಗೆ ನಾನೇ ಕಳಿಸ್ದೆ ಅಂತ ಅವ್ರು ದಿನಾ ಕೊರಗ್ತಾರೆ. ಅವ್ರು ನಿಮ್ಮನ್ನ ಕೇಳಿದ್ರು. ನೀವೇ ಹೇಳಿ." ಹೇಳಿ ಒಳಗೆ ನಿಮ್ಮ ಹತ್ತಿರ ಬಂದರು.

ನಾನು ಅವರ ಹಿಂದೆಯೇ ಒಳಗೆ ಬರಬೇಕಿತ್ತು. ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದುಬಿಟ್ಟೆ.

ಆ ಮನೆಗೆ ಮಗಳನ್ನು ಕಳಿಸಿದ್ದು ನಾನು ಎಂದು ನೀವು ಕೊರಗುತ್ತಿದ್ದೀರಂತೆ. ನೀವು ಮಾಡಬೇಕಾದ್ದನ್ನು ಮಾಡಿದ್ದಿರಿ. ವಿಚಾರಿಸಿದಿರಿ, ಗೊತ್ತಿದ್ದವರ ಹತ್ತಿರವೇ ಬಂದು ಕೇಳಿದಿರಿ, ಒಂದಲ್ಲ ಎರಡು ಸಲ ಕೇಳಿದಿರಿ. ಕಳಿಸಿದವಳು ನಾನು.

ಭಾನುವಾರ ಬರುತ್ತೇನೆ, ಗಾಯತ್ರಿಯವರಿಗೆ ತಿಳಿಸಿದ್ದೇನೆ. ಇಷ್ಟನ್ನೂ ಬರೆದಿಟ್ಟುಕೊಂಡದ್ದು ನನ್ನ ನಾಲಿಗೆಯ ಮೇಲೆ ನನಗೆ ನಂಬಿಕೆಯಿಲ್ಲದ್ದರಿಂದ — ನಿಮ್ಮೆದುರು ಕೂತರೆ ಅದು ಮತ್ತೆ ಮೆತ್ತಗಿನ ಮಾತು ಹುಡುಕುತ್ತದೆ. ಇದನ್ನು ಒಂದಕ್ಷರ ಬಿಡದೆ ನಿಮ್ಮ ಹಾಸಿಗೆಯ ಪಕ್ಕ ಕೂತು ಓದುತ್ತೇನೆ. ನೀವು ಹೊರಗೆ ಹೋಗಿ ಎಂದರೆ ಹೋಗುತ್ತೇನೆ. ಏನೂ ಹೇಳದಿದ್ದರೆ, ಹೇಳುವವರೆಗೆ ಅಲ್ಲೇ ಇರುತ್ತೇನೆ.