ಅಳಿಸಿಹೋದ ನೀಲಿ ಗೆರೆ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಚನ್ನಗಿರಿಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೊ ತೆಗೆಯುವುದು ನನ್ನ ಕಸುಬು. ಡ್ರೋನನ್ನು ಎಷ್ಟು ಎತ್ತರಕ್ಕೆ ಬೇಕಾದರೂ ಹಾರಿಸುತ್ತೇನೆ. ನಾನು ಮಾತ್ರ ನಮ್ಮ ಮನೆಯ ತಾರಸಿಯ ಅಂಚಿಗೂ ಹೋಗುವವನಲ್ಲ.

ನನ್ನ ಹೆಂಡತಿ ಇದಕ್ಕೆ ತದ್ವಿರುದ್ಧ. ತ್ಯಾವಣಿಗೆ ಹತ್ತಿರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ಜಗಳೂರಿನ ತವರಿನಲ್ಲಿ ಚಿಕ್ಕವಳಿದ್ದಾಗ ಊರಾಚೆಯ ಬಂಡೆ ಹತ್ತಿ, ಜಾರಿ ಬಿದ್ದು, ಗದ್ದದ ಮೇಲೆ ಉದ್ದನೆಯ ಗಾಯದ ಗುರುತು ಉಳಿಸಿಕೊಂಡವಳು. ಬಿದ್ದ ಮೇಲಾದರೂ ಬಿಟ್ಟಳೇ? ಈಗ ಬೇಸಿಗೆ ರಜೆ ಬಂತೆಂದರೆ ಹಿಮಾಲಯ.

ಆ ಗಾಯದ ಗುರುತು ನಮ್ಮ ಮದುವೆ ಆಲ್ಬಮ್ಮಿನಲ್ಲಿಲ್ಲ. ನಾನು ಆಲ್ಬಮ್ ಮಾಡಿಸುವುದು ಹೊನ್ನಾಳಿಯ ಒಂದು ಲ್ಯಾಬಿನಲ್ಲಿ. ಮದುಮಗಳ ಮಚ್ಚೆ, ಮದುಮಗನ ಬೆವರು, ಬಿಳಿ ಪಂಚೆಯ ಮೇಲೆ ಬಿದ್ದ ಅರಿಶಿನ, ಎಲ್ಲವನ್ನೂ ಅಲ್ಲಿ ಯಾರೂ ಕೇಳದೆಯೇ ಅಳಿಸುತ್ತಾರೆ. ಗಿರಾಕಿಗಳಿಗೂ ಅದೇ ಇಷ್ಟ. ನಮ್ಮ ಆಲ್ಬಮ್ ಬಂದ ದಿನ ಇವಳು ಪುಟ ತಿರುವಿ, "ಇದು ಯಾರ ಮದ್ವೆ ರೀ? ಈಕೆ ಯಾರು?" ಎಂದು ಕೇಳಿದ್ದಳು. ನಾನು ನಕ್ಕಿದ್ದೆ. ಅವಳು ನಕ್ಕಿರಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ನನ್ನನ್ನೂ ಎಳೆದುಕೊಂಡು ಹೋದಳು. ಹೆಚ್ಚು ಜನ ಹತ್ತದ ಶಿಖರವದು. ದಾರಿಯ ಒಳ್ಳೆಯ ಫೋಟೊ ಎಲ್ಲೂ ಸಿಗುವುದಿಲ್ಲ. ಮೇಲಿನಿಂದ ತೆಗೆದುಕೊಟ್ಟರೆ ಮುಂದಿನ ವರ್ಷ ಹತ್ತಲು ಅನುಕೂಲ ಎಂಬುದು ಅವಳ ಲೆಕ್ಕ. ಅನುಮತಿ ಪಡೆದು, ಹಿಮನದಿಯ ಪಕ್ಕದ ಕಲ್ಲುರಾಶಿಯ ಮೇಲೆ ಕೂತು ಡ್ರೋನ್ ಬಿಟ್ಟೆ. ಚಳಿಗೆ ಬ್ಯಾಟರಿ ಸಾಯಬಾರದೆಂದು ಅದುವರೆಗೂ ಅದನ್ನು ಸ್ವೆಟರಿನೊಳಗೆ ಬನಿಯನ್ನಿಗೆ ಒತ್ತಿ ಹಿಡಿದಿದ್ದೆ. ಗಾಳಿಗೆ ಡ್ರೋನ್ ಓಲಾಡಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೇಗೋ ಫೋಟೊ ಬಂದವು.

ಊರಿಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಎರಡು ದಾರಿ. ಒಂದು ಅಂಚಿನಲ್ಲಿ ಕಲ್ಲುಗಳ ಮೇಲೆ, ಸುತ್ತು ದಾರಿ. ಇನ್ನೊಂದು ನಡುವೆ, ಹಿಮದ ಮೇಲೆ ನೇರವಾಗಿ. ನಡುವಿನ ದಾರಿಗೆ ಅಡ್ಡಲಾಗಿ ಕೂದಲೆಳೆಯಂಥ ನೀಲಿ ಗೆರೆಯೊಂದಿತ್ತು. ಹಿಮದಲ್ಲಿ ನೀಲಿ ಕಂಡರೆ ಕೆಳಗೆ ಬಿರುಕು ಇರುತ್ತದೆಂದು ಅವಳೇ ನನಗೆ ಹೇಳಿಕೊಟ್ಟಿದ್ದಳು. ಮೊಬೈಲಿನ ಪರದೆಯಲ್ಲಿ ಅದು ಕಾಣುತ್ತಿರಲಿಲ್ಲ. ಅದಕ್ಕೇ ಆಲ್ಬಮ್ಮಿನ ಹಾಳೆಯಂಥ, ನೀರಿಗೆ ಹರಿಯದ ದೊಡ್ಡ ಪ್ರಿಂಟ್ ಹಾಕಲು ಲ್ಯಾಬಿಗೆ ಕಳಿಸಿದೆ. ಪ್ರಿಂಟಿನಲ್ಲಿ ಅವಳೇ ನೋಡಿಕೊಳ್ಳುತ್ತಾಳೆ ಎಂದುಕೊಂಡು ಅವಳಿಗೆ ಹೇಳಲೇ ಇಲ್ಲ. ಈ ಬೇಸಿಗೆಯಲ್ಲಿ ಹೊರಡುವಾಗ ಅವಳೇ ಹೊನ್ನಾಳಿಗೆ ಹೋಗಿ ಪ್ರಿಂಟಿನ ಸುರುಳಿ ಇಸಿದುಕೊಂಡು, ಅಲ್ಲಿಂದಲೇ ರೈಲಿಗೆ ಹೋದಳು. ನಾನು ನ್ಯಾಮತಿಯಲ್ಲಿ ಮದುವೆಯೊಂದರ ಫೋಟೊ ತೆಗೆಯುತ್ತಿದ್ದೆ.

ಆ ಮದುವೆಯ ಆಲ್ಬಮ್ಮಿಗೆ ಫೋಟೊ ಕೊಡಲು ಲ್ಯಾಬಿಗೆ ಹೋದ ಬೆಳಿಗ್ಗೆ, ಗೋಡೆಯ ಮೇಲೆ ಕಟ್ಟು ಹಾಕಿಸಿದ ನನ್ನ ಶಿಖರ ಕಂಡಿತು. ಮಾಲೀಕರು ಹಿಗ್ಗಿನಿಂದ, "ನೋಡ್ರಿ, ಹೆಂಗೆ ಬಂದೈತೆ! ಹಿಮದ ಮ್ಯಾಲೆ ಏನೇನೋ ಕಲೆ, ಗೀರು ಇದ್ವು. ಎಲ್ಲಾ ತೆಗೆದು ಕ್ಲೀನ್ ಮಾಡೀನಿ. ಮೇಡಮ್ಮಾರಿಗೂ ಇದೇ ಕೊಟ್ಟೆ," ಎಂದರು.

ನಡುವಿನ ದಾರಿ ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. ಗೆರೆ ಇರಲಿಲ್ಲ.

ಅಂದು ನನ್ನ ಹೆಂಡತಿ, ಅವಳ ಗೈಡು ಆ ಹಿಮ ದಾಟುವ ದಿನ. "ಅದು ಕಲೆ ಅಲ್ರೀ, ಬಿರುಕು! ಅದ್ರಾಗೆ ಮನುಷ್ಯ ಬಿದ್ರೆ ಹೆಣಾನೂ ಸಿಗಲ್ಲ!" ಎಂದು ಅರಚಿದೆ. ಪಾಪ, ಅವರು ಕುರ್ಚಿಯ ಮೇಲೆ ಕುಸಿದರು. ಆ ಹೊತ್ತಿಗೆ ನನಗೆ ಪಾಪ ಅನ್ನಿಸಲಿಲ್ಲ. ಕೊಂದೇ ಬಿಡಬೇಕು ಅನ್ನಿಸಿತು.

ಬೆಟ್ಟದ ಬುಡದ ಹಳ್ಳಿಯಲ್ಲಿ ಚಾರಣ ಏಜೆನ್ಸಿಯವನಿದ್ದ. ಅವನ ಬಳಿ ಶಿಬಿರದ ಜೊತೆ ಮಾತಾಡುವ ವಾಕಿಟಾಕಿ ಇತ್ತು. ಅವನಿಗೆ ಫೋನ್ ಮಾಡಿ ನನ್ನ ಹರಕು ಮುರುಕು ಹಿಂದಿಯಲ್ಲಿ ನಡುವಿನ ದಾರಿ ಬೇಡ, ಬೇಡ ಎಂದೆ. ಅವನು ವಿಚಾರಿಸಿ ಹೇಳಿದ: ಎರಡು ದಿನ ಹೊಸ ಹಿಮ ಬಿದ್ದಿದೆ, ಮೇಲೆ ಎಲ್ಲವೂ ಒಂದೇ ಸಮ ಬಿಳಿ, ಫೋಟೊ ನೋಡಿಕೊಂಡೇ ಹೋಗುತ್ತೇವೆ ಎಂದು ಮೇಡಮ್ಮು, ಗೈಡು ಆಗಲೇ ಹೊರಟಿದ್ದಾರೆ, ತಿರುವಿನಾಚೆ ವಾಕಿಟಾಕಿ ಸಿಗುವುದಿಲ್ಲ.

ಫೋಟೊ ನೋಡಿಕೊಂಡೇ! ನಾನು ತೆಗೆದ ಫೋಟೊ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ಹೇಳಲಾರೆ. ಮಾಲೀಕರು ಅಂಗಡಿಯ ಬಾಗಿಲು ಎಳೆದು ನನ್ನ ಜೊತೆಗೇ ಕೂತರು. ತಂದ ಚಹಾ ಆರಿ ಕೆನೆ ಕಟ್ಟಿತು. ಮೊಬೈಲ್ ಚಾರ್ಜ್ ಮುಗಿದೀತೆಂದು ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದರ ಪಕ್ಕದಲ್ಲೇ ನಿಂತಿದ್ದೆ. ಕಣ್ಣು ಮುಚ್ಚಿದರೆ ಅವಳು ಆ ಬಿಳುಪಿನ ಮೇಲೆ ಕಾಲಿಡುವುದು ಕಾಣುತ್ತಿತ್ತು. ಕಣ್ಣು ತೆರೆದರೆ ಗೋಡೆಯ ಮೇಲೆ ಅದೇ ಬಿಳುಪು. ಕೊನೆಗೆ ಮಾಲೀಕರೇ ಎದ್ದು ಆ ಕಟ್ಟನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟರು.

ಇಳಿಹೊತ್ತಿಗೆ ಫೋನ್ ಬಂತು. ಏಜೆನ್ಸಿಯವನು ವಾಕಿಟಾಕಿಯನ್ನು ಫೋನಿಗೆ ಹಿಡಿದಿದ್ದ. ಗರಗರ ಸದ್ದಿನ ನಡುವೆ ಅವಳ ದನಿ. "ರೀ, ಏನಾತು? ಯಾಕೆ ಅಷ್ಟೊಂದು ಫೋನ್ ಮಾಡಿದ್ರಂತೆ?"

"ಅಲ್ಲಿ ಬಿರುಕು ಐತೆ ಕಣೆ, ನಡುವಿನ ದಾರೀಲಿ! ಲ್ಯಾಬಿನೋರು ಅಳಿಸಿಬಿಟ್ಟಾರೆ!"

"ಗೊತ್ತಾತು. ಹೋಗೇ ಬಿಡ್ತಿದ್ವಿ ರೀ. ಹಗ್ಗ ಕಟ್ಕೊಂಡು ನಿಂತಿದ್ವಿ. ಹೋದ ವರ್ಷ ಅಲ್ಲಿ ದಿನಾ ಮ್ಯಾಲಿಂದ ಕಲ್ಲು ಉದುರೋದು ನಾನೇ ನೋಡಿದ್ದೆ. ಫೋಟೊದಾಗೆ ಆ ಕಲ್ಲಿಂದು ಒಂದು ಚುಕ್ಕೆನೂ ಇಲ್ಲ. ಇಷ್ಟು ಚಂದ ಹೆಂಗಾತು ಅಂತ ನೋಡ್ತಾ ನೋಡ್ತಾ ನಮ್ಮ ಮದ್ವೆ ಆಲ್ಬಮ್ ನೆನಪಾತು."

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಗೈಡ್ ಕೋಲು ಚುಚ್ಚಿ ನೋಡಿದ," ಎಂದಳು. ಆಗ ಅವಳ ದನಿಯೂ ನಡುಗಿತು. "ಕೋಲು ಪೂರಾ ಒಳಗೆ ಹೋತು ರೀ. ತಳಾನೇ ಇಲ್ಲ."

ಮರುದಿನ ಕಲ್ಲಿನ ದಾರಿಯಲ್ಲಿ ಹೋಗುತ್ತೇವೆ ಎಂದಳು. ವಾಪಸು ಬಾ ಎಂದು ಅತ್ತೆ, ಹೌದು, ಮಾಲೀಕರ ಎದುರಿಗೇ ಅತ್ತೆ. "ಅಳಬ್ಯಾಡ್ರಿ. ನಾನು ಬರೋದ್ರೊಳಗೆ ನಮ್ಮ ಮದ್ವೆ ಫೋಟೊ ಇನ್ನೊಂದು ಪ್ರಿಂಟ್ ಹಾಕಿಸ್ರಿ. ಗಾಯ ಇದ್ದಂಗೇ ಇರ್ಲಿ," ಎಂದಳು. ಅಷ್ಟರಲ್ಲಿ ದನಿ ಕಡಿದುಹೋಯಿತು.

ಮನೆಗೆ ಬಂದು ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ಮೂಲ ಫೋಟೊ ತೆಗೆದೆ. ತಲೆ ತುಂಬ ಹೂವು, ಬಾಸಿಂಗ, ಗದ್ದದ ಮೇಲೆ ಆ ಗಾಯ. ಅವಳು ಬೆಟ್ಟ ಇಳಿದೆನೆಂದು ಹೇಳುವವರೆಗೂ ಕಂಪ್ಯೂಟರ್ ಆರಿಸಲಿಲ್ಲ.