ಮುಟ್ಟಬಾರದ ಹಾಳೆ

ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ. ಉರುಳಿ ಹೋಗುವಾಗ ಧೂಳನ್ನೂ ಜೊತೆಗೆ ಒಯ್ಯುತ್ತದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿರುವುದೇ ಅದಕ್ಕೆ ಕಾರಣ. ಪತಂಗದ ಕಣ್ಣಿನಲ್ಲೂ ಅಂಥವೇ ಇವೆ, ಅದಕ್ಕೇ ಅದು ಬೆಳಕಿಗೆ ಹೊಳೆಯುವುದಿಲ್ಲ. ಈ ಎರಡು ಗುಣಗಳನ್ನೂ ಪ್ಲಾಸ್ಟಿಕ್ ಹಾಳೆಯ ಮೇಲಿನ ಒಂದೇ ಲೇಪನದಲ್ಲಿ ತರಲು ನಾನು ಶಂಕರಘಟ್ಟದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹೆಣಗಿದೆ. ಎರಡು ಸಾವಿರದ ದಶಕ ಅದು. ಗಿಡ ಬೆಳೆಸುವ ಪಾಲಿಹೌಸ್ ಚಾವಣಿಗೆ ಇಂಥ ಹಾಳೆ ಸಿಕ್ಕರೆ ತೊಳೆಯುವ ಕೆಲಸವಿಲ್ಲ, ಬೆಳಕೂ ಪೋಲಾಗುವುದಿಲ್ಲ.

ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ಮಾಚೇನಹಳ್ಳಿಯ ಪ್ಲಾಸ್ಟಿಕ್ ಕಾರ್ಖಾನೆಯ ಮಾಲೀಕರೊಬ್ಬರು ಹಣ ಹಾಕಲು ಒಪ್ಪಿದರೆ ಮಾತ್ರ ಸಂಶೋಧನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಗೈಡ್ ಹೇಳಿಬಿಟ್ಟಿದ್ದರು. ಧೂಳಿಗೆ ಭದ್ರಾವತಿಗಿಂತ ಒಳ್ಳೆಯ ಊರು ಬೇಕೇ? ನಾನು ಮಾಡಿದ್ದ ಮಾದರಿ ಹಾಳೆಯನ್ನು ಅಲ್ಲಿಯ ನಮ್ಮ ಮನೆಯ ತಾರಸಿಯಲ್ಲಿ ಚೌಕಟ್ಟಿಗೆ ಬಿಗಿದಿಟ್ಟಿದ್ದೆ. ಮಳೆಗಾಲ ಕಳೆದರೂ ಅದರ ಮೇಲೆ ಒಂದು ಕಲೆಯೂ ಇರಲಿಲ್ಲ. ವಿಜಯದಶಮಿ ಮುಗಿದ ಮೇಲೆ ಮಾಲೀಕರು ನೋಡಲು ಬರುವವರಿದ್ದರು.

ಆಯುಧಪೂಜೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪಾಜಿ ಸ್ಕೂಟರು, ಹೊಲಿಗೆ ಮೆಷಿನ್ನು, ಮಿಕ್ಸಿ ಎಲ್ಲಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದು, ತಟ್ಟೆ ಹಿಡಿದು ತಾರಸಿಗೂ ಹೋಗಿ ಬಂದಿದ್ದರು. ಹಾಳೆಗೆ ನೆನೆಸಿದ ವಿಭೂತಿ ಹತ್ತಲೇ ಇಲ್ಲವಂತೆ, ಜಾರಿ ಜಾರಿ ಹೋಯಿತಂತೆ. ಅದಕ್ಕೇ ಒತ್ತಿ ಒತ್ತಿ ಹಚ್ಚಿದ್ದರು.

"ನಿನ್ನ ಆಯುಧ ಅಂದ್ರೆ ಅದೇ ಅಲ್ವೇನಮ್ಮ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವರ ಮುಖದಲ್ಲಿದ್ದ ಸಂತೋಷ ನೋಡಿ ತಟ್ಟೆಯನ್ನು ತೆಗೆದುಕೊಂಡು ಒಳಗಿಟ್ಟೆ. ಹೊಸ ಹಾಳೆ ಮಾಡಲು ಸಮಯವೂ ಇರಲಿಲ್ಲ.

ಮಾಲೀಕರು ಬಂದರು. ಅಪ್ಪಾಜಿಯೇ ಉತ್ಸಾಹದಿಂದ ಚೊಂಬಿನಲ್ಲಿ ನೀರು ತಂದುಕೊಟ್ಟರು. ನಾನು ಸುರಿದೆ. ವಿಭೂತಿ ತೊಳೆದುಹೋಯಿತು, ಎಲ್ಲ ಕಡೆ ಹನಿಗಳು ಸರ್ರನೆ ಉರುಳಿದವು. ಬೆರಳಾಡಿದ ಮೂರು ಗೆರೆಗಳಲ್ಲಿ ಮಾತ್ರ ನೀರು ಅಂಟಿಕೊಂಡು ನಿಂತಿತು. ಉಜ್ಜಿದರೆ ಉಬ್ಬುಗಳು ಮುರಿಯುತ್ತವೆ ಎಂದು ವಿವರಿಸಿದೆ. ಮಾಲೀಕರ ಹಣೆಯಲ್ಲೂ ವಿಭೂತಿಯಿತ್ತು.

"ನಮ್ಮ ಜನ ಮುಟ್ಟದೇ ಇರ್ತಾರಾ ಮೇಡಂ? ಇಂಥ ಹಾಳೆ ತಂದ್ರೆ ನಾನೇ ಮೊದಲು ಪೂಜೆ ಮಾಡ್ತೀನಿ," ಅಂದರು. ಕಾಫಿ ಕುಡಿದು ಹೊರಟುಹೋದರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ನನ್ನ ಸಂಕಟವೇ ಅದು. ಸಂಶೋಧನೆ ಅಲ್ಲಿಗೇ ನಿಂತಿತು, ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಹಾಳೆ ಅಷ್ಟು ನಾಜೂಕಾಗಿದ್ದದ್ದೇ ದೋಷ, ನಿಮ್ಮದೇನೂ ಇಲ್ಲ ಎಂದು ಅಪ್ಪಾಜಿಗೆ ಎಷ್ಟೋ ಸಲ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು. ಮುಂದಿನ ಆಯುಧಪೂಜೆಗೆ ನನ್ನ ಪೆನ್ನನ್ನು ಅವರ ಮುಂದೆ ತಂದಿಟ್ಟೆ. ಅವರು ವಿಭೂತಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

"ನೀನೇ ಹಚ್ಚಮ್ಮ," ಅಂದರು.